ಅಂಬರ್‌ನೊಳಗಿನ ಹುಳ ಯಾವುದು? ಮೊದಲು ರೆಕ್ಕೆ ಎಣಿಸಿ

ಅಂಬರ್ ಅಂದರೆ ಬಹಳ ಹಿಂದಿನ ಮರದ ರಾಳ ಗಟ್ಟಿಯಾಗಿ ಆದ ಕಲ್ಲು. ಅದು ಕೈಗೆ ಬಂದರೆ ಎಲ್ಲರ ಕಣ್ಣೂ ಒಳಗಿನ ಹುಳದ ಮೇಲೆ. ನಾನು ಮಾತ್ರ ಮೊದಲು ಕಲ್ಲನ್ನೇ ಅನುಮಾನಿಸುತ್ತೇನೆ. ಮೂಲೆಗೆ ಒಂದು ತೊಟ್ಟು ಅಸಿಟೋನ್ ಹಾಕಿ. ಅಂಟಂಟಾದರೆ ಅದು ಇನ್ನೂ ಎಳೆಯ ರಾಳ, ಅಂದರೆ ಕೋಪಲ್. ಉಪ್ಪುನೀರಿನಲ್ಲಿ ತೇಲಿತು ಅಂತ ಸುಮ್ನೆ ನಂಬಬೇಡಿ. ಕೋಪಲ್ಲೂ ತೇಲುತ್ತದೆ, ಕೆಲವು ಪ್ಲಾಸ್ಟಿಕ್ಕೂ ತೇಲುತ್ತದೆ.

ದೊಡ್ಡ ಹುಳ ಸರಿಯಾಗಿ ನಡುವೆ ಕಾಲು ಚಾಚಿ ಕೂತಿದ್ದರೆ ನನಗೆ ಗುಮಾನಿ ಜಾಸ್ತಿ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿದ್ದ ಒಂದು ನೊಣವನ್ನು 1966ರಲ್ಲಿ ಜರ್ಮನಿಯ ಕೀಟತಜ್ಞ ವಿಲ್ಲಿ ಹೆನ್ನಿಗ್ ಅವರಂಥ ಪಂಡಿತರೇ ಇಂದಿಗೂ ಬದುಕಿರುವ ಫಾನಿಯಾ ಸ್ಕಲಾರಿಸ್ ಎಂಬ ಜಾತಿ ಎಂದು ಗುರುತಿಸಿದ್ದರು. ಗುರುತೇನೋ ಸರಿಯೇ! ಅಂಬರನ್ನು ಸೀಳಿ, ಕೊರೆದು, ಇತ್ತೀಚಿನ ನೊಣವನ್ನು ಒಳಗಿಟ್ಟು ಅಂಟಿಸಿದ್ದರು ಅಂತ 1993ರಲ್ಲಿ ಬಯಲಾಯಿತು. ಹಾಗಾಗಿ ಹುಳದ ಸುತ್ತ ಅಂಟಿಸಿದ ಗೆರೆ ಇದೆಯಾ ನೋಡಿ.

ಕಲ್ಲಿನ ಉಬ್ಬಿದ ಮೈ ನಮಗೆ ಕಾಣುವ ಹುಳದ ಆಕಾರವನ್ನೇ ಕೆಡಿಸುತ್ತದೆ. ಮೇಲೆ ಒಂದು ಹನಿ ಗ್ಲಿಸರಿನ್ ಬಿಟ್ಟು ಕವರ್ ಸ್ಲಿಪ್ (ತೆಳು ಗಾಜಿನ ಚೂರು) ಇಡಿ. ಬೆಳಕನ್ನು ಒಮ್ಮೆ ಪಕ್ಕದಿಂದ, ಒಮ್ಮೆ ಕೆಳಗಿನಿಂದ ಬಿಡಿ. ಬಾಲ್ಟಿಕ್ ಸಮುದ್ರದ ಕಡೆಯ ಅಂಬರ್‌ನಲ್ಲಿ ಎಷ್ಟೋ ಸಲ ಹುಳದ ಒಂದು ಮಗ್ಗುಲಿಗೆ ಹಾಲಿನಂಥ ಬಿಳಿ ಪೊರೆ ಕಟ್ಟಿರುತ್ತದೆ. ಕಲ್ಲನ್ನು ತಿರುಗಿಸಿ ಇನ್ನೊಂದು ಮಗ್ಗುಲು ನೋಡಿ.

ಬಣ್ಣವನ್ನು ಮರೆತುಬಿಡಿ, ಅದು ಬಹುಪಾಲು ರಾಳದ್ದೇ. ಎಂಟು ಕಾಲಿದ್ದರೆ ಅದು ಕೀಟವೇ ಅಲ್ಲ. ಆರು ಕಾಲಾದರೆ ರೆಕ್ಕೆ ಎಣಿಸಿ. ಒಂದೇ ಜೊತೆ ರೆಕ್ಕೆ, ಹಿಂದೆ ಪುಟ್ಟ ಗದೆಯಂಥ ಎರಡು ಗುಬುಟು ಇದ್ದರೆ ನೊಣ ಅಥವಾ ಸೊಳ್ಳೆಯ ಬಳಗ. ಎರಡು ಜೊತೆ ರೆಕ್ಕೆ, ಸಣ್ಣ ಸೊಂಟವಾದರೆ ಕಣಜದ ಬಳಗ. ರೆಕ್ಕೆ ಇರಲಿ, ಇಲ್ಲದಿರಲಿ, ಆ ಸೊಂಟದಲ್ಲಿ ಒಂದೋ ಎರಡೋ ಗಂಟಿದ್ದು, ಮೀಸೆ ಮೊಣಕೈಯಂತೆ ಬಾಗಿದ್ದರೆ ಇರುವೆ. ಮುಂದಿನ ರೆಕ್ಕೆ ಗಟ್ಟಿ ಮುಚ್ಚಳವಾಗಿ ಬೆನ್ನಿನ ನಡುವೆ ನೇರ ಗೆರೆಯಲ್ಲಿ ಕೂಡಿದ್ದರೆ ಜೀರುಂಡೆ. ಗೆದ್ದಲಿಗೆ ನಾಲ್ಕೂ ರೆಕ್ಕೆ ಹೆಚ್ಚುಕಡಿಮೆ ಒಂದೇ ಅಳತೆ. ಎಷ್ಟೋ ಸಲ ಅವು ಪಕ್ಕದಲ್ಲೇ ಉದುರಿಯೂ ಬಿದ್ದಿರುತ್ತವೆ.

ನಿಮಗೆ ಸಿಗುವುದರಲ್ಲಿ ಪುಟ್ಟ ನೊಣಗಳೇ ಜಾಸ್ತಿ. ಅವುಗಳ ಕುಟುಂಬ ತಿಳಿಯಬೇಕಾದರೆ ರೆಕ್ಕೆಯ ನರಗಳನ್ನು ಕಾಗದದ ಮೇಲೆ ಬಿಡಿಸಿ. ಫೋಟೋ ಸಾಲದು; ಬಿಡಿಸುವಾಗಲೇ ಯಾವ ನರ ಎಲ್ಲಿ ಕವಲೊಡೆದಿದೆ ಅಂತ ಕಾಣುವುದು.

ಕಲ್ಲಿನ ಊರು ಗೊತ್ತಿದ್ದರೆ ಅರ್ಧ ಕೆಲಸ ಮುಗೀತು. ಡೊಮಿನಿಕನ್ ಗಣರಾಜ್ಯದ ಅಂಬರ್‌ನ ಪುಟ್ಟ ಜೇನು ಸಾಮಾನ್ಯವಾಗಿ ಕುಟುಕುವ ಮುಳ್ಳಿಲ್ಲದ ಪ್ರೊಪ್ಲೆಬಿಯಾ ಡೊಮಿನಿಕಾನ. ಮ್ಯಾನ್ಮಾರ್‌ನ ಅಂಬರ್ ಸುಮಾರು 9.9 ಕೋಟಿ ವರ್ಷ ಹಳೆಯದು. ಅದರಲ್ಲಿ ದವಡೆಯನ್ನು ಮೇಲಕ್ಕೆ ಆಡಿಸುತ್ತಿದ್ದ ಇರುವೆಗಳಿವೆ, ಆ ವಂಶವೇ ಈಗಿಲ್ಲ. ಇಂದಿನ ಕೀಟಗಳ ಕೈಪಿಡಿ ಹಿಡಿದು ಹೊರಟರೆ ಇಲ್ಲಿ ದಾರಿ ತಪ್ಪುತ್ತೀರಿ. ಗುರುತು ಹತ್ತದಿದ್ದರೆ ಚೀಟಿಯಲ್ಲಿ ‘ನೊಣ, ಕುಟುಂಬ ಗೊತ್ತಿಲ್ಲ’ ಅಂತ ಬರೆದಿಡಿ, ಜೊತೆಗೆ ನರಗಳ ಚಿತ್ರವನ್ನೂ ಇಡಿ.