ಝಡ್ ಡ್ರೈವ್ ಮೇಲಿನ ಕೆಂಪು ಇಂಟು ಹೋದದ್ದು ಹೀಗೆ

ಕೋಲಾರದ ಎಪಿಎಂಸಿ ಯಾರ್ಡಿನ ಒಂದು ಟೊಮೆಟೊ ಮಂಡಿ ಆಫೀಸಿನಲ್ಲಿ ಹನ್ನೊಂದು ತಿಂಗಳಿಂದ ಝಡ್ ಡ್ರೈವ್, ಅಂದರೆ ಒಂದು ಕಂಪ್ಯೂಟರಿನಲ್ಲಿದ್ದು ಉಳಿದವಕ್ಕೂ ಕಾಣುವ ಫೋಲ್ಡರ್, ಒಂದು ದಿನವೂ ಕೈಕೊಟ್ಟಿಲ್ಲ. ಅದಕ್ಕೆ ಮೊದಲು ಆಗಾಗ ಕೆಂಪು ಇಂಟು ಬಿದ್ದು ಕಡಿದುಹೋಗುತ್ತಿತ್ತು. ಸರ್ವರ್ ತಗೊಳ್ಳದೆ ಇದು ಸರಿಹೋಗಲ್ಲ ಎಂದವರು ಮೂವರು. ಅವರಲ್ಲಿ ಇಬ್ಬರು ಈಗ ನನಗೇ ಫೋನ್ ಮಾಡಿ "ಅದೇನು ಮಾಡಿದೆ ಹೇಳಪ್ಪ" ಎನ್ನುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ. ಮ್ಯಾಪ್ ಮಾಡುವುದು (ಆ ಫೋಲ್ಡರಿಗೆ ಡ್ರೈವ್ ಅಕ್ಷರ ಕೊಡುವುದು), ಪಿಂಗ್ ಹಾಕುವುದು (ಇನ್ನೊಂದು ಕಂಪ್ಯೂಟರ್ ಉತ್ತರ ಕೊಡುತ್ತದಾ ನೋಡುವುದು) ನಿಮಗೆಲ್ಲ ಗೊತ್ತಿರುವುದೇ, ಅದನ್ನು ಬಿಟ್ಟೆ.

ಆಫೀಸಿನಲ್ಲಿ ನಾಲ್ಕು ಕಂಪ್ಯೂಟರ್. ಯಜಮಾನರ ರೂಮಿನದು ಮೇನ್, ವಿಂಡೋಸ್ 10 ಪ್ರೊ. ಲೆಕ್ಕದ ಫೋಲ್ಡರ್ ಅದರಲ್ಲಿದೆ. ಉಳಿದ ಮೂರಕ್ಕೂ ಅದೇ ಝಡ್ ಡ್ರೈವ್. ಹರಾಜು ಮುಗಿದ ತಕ್ಷಣ ರೈತರಿಗೆ ಪಟ್ಟಿ ಕೊಡಬೇಕು. ಆಗಲೇ ಸರಿಯಾಗಿ ಕೆಂಪು ಇಂಟು, "ನೆಟ್‌ವರ್ಕ್ ಪಾತ್ ನಾಟ್ ಫೌಂಡ್". ಶ್ರೀನಿವಾಸಪುರದ ಕಡೆಯಿಂದ ಟೆಂಪೊದಲ್ಲಿ ಬಂದವರು ರಾತ್ರಿಯೆಲ್ಲ ನಿದ್ದೆಗೆಟ್ಟು ಕಿಟಕಿ ಮುಂದೆ ನಿಂತಿರುತ್ತಾರೆ. ಒಳಗೆ ಹುಡುಗರು ಕೈಯಲ್ಲಿ ಬಿಲ್ ಬರೆಯುತ್ತಾರೆ, ಕೂಡುವಾಗ ತಪ್ಪಾಗುತ್ತದೆ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ ಎರಡು ಸಾವಿರ ದಾಟಿತ್ತಲ್ಲ, ಅಂಥ ದಿನಗಳಲ್ಲಿ ಒಂದು ಬಾಕ್ಸ್ ಲೆಕ್ಕ ತಪ್ಪಿದರೂ ಜಗಳವೇ.

ಮೊದಲ ಸಲ ಹೋದಾಗ ಎಲ್ಲರೂ ಮಾಡುವುದನ್ನೇ ಮಾಡಿದೆ. ಡ್ರೈವ್ ತೆಗೆದು ಮತ್ತೆ ಮ್ಯಾಪ್ ಮಾಡಿ ಐನೂರು ತಗೊಂಡು ಬಂದೆ. ಮರುದಿನವೇ ಫೋನ್. ಎರಡನೇ ಸಲ ಆಟೊ ಡಿಸ್‌ಕನೆಕ್ಟ್ ಹಿಡಿದೆ. ಸುಮ್ನೆ ಬಿಟ್ಟ ಕನೆಕ್ಷನ್ನನ್ನು ಮೇನ್ ಕಂಪ್ಯೂಟರ್ 15 ನಿಮಿಷಕ್ಕೆ ತಾನೇ ಕಡಿಯುತ್ತದೆ. "ನೆಟ್ ಕಾನ್ಫಿಗ್ ಸರ್ವರ್" ಕಮಾಂಡಿನಲ್ಲಿ ಅದಕ್ಕೆ ಮೈನಸ್ ಒಂದು ಕೊಟ್ಟೆ, ಅಂದರೆ ಎಂದೂ ಕಡಿಯಬೇಡ ಎಂದು. ಊಟ ಮುಗಿಸಿ ಬಂದಾಗ ಕಾಣುತ್ತಿದ್ದ ಇಂಟು ಹೋಯಿತು, ಬೆಳಗಿನದು ಹೋಗಲಿಲ್ಲ. ಮೂರನೇ ಸಲ ಒಂದು ಕಂಪ್ಯೂಟರನ್ನೇ ಫಾರ್ಮ್ಯಾಟ್ ಮಾಡಿದೆ. ಎರಡು ದಿನ ಹಾಳು, ಪ್ರಿಂಟರ್ ಸೆಟ್ಟಿಂಗ್ ಎಲ್ಲ ಮತ್ತೆ ಮಾಡಬೇಕಾಯಿತು. ಅದಕ್ಕೆ ದುಡ್ಡು ತಗೊಳ್ಳಲಿಲ್ಲ.

ಅಷ್ಟರಲ್ಲಿ ಬೇರೆಯವರು ಕೊಟೇಶನ್ ಕೊಟ್ಟರು. ನಾಸ್ ಬಾಕ್ಸ್ (ಫೈಲ್ ಹಂಚಲೆಂದೇ ಇರುವ ಪೆಟ್ಟಿಗೆ), ಎರಡು ಹಾರ್ಡ್ ಡಿಸ್ಕ್, ಎಲ್ಲ ಸೇರಿ ಎಪ್ಪತ್ತು ಸಾವಿರದ ಹತ್ತಿರ. ಯಜಮಾನರ ಮಗ ಒಪ್ಪಿಯೂ ಬಿಟ್ಟಿದ್ದರು. ನಾಲ್ಕು ಕಂಪ್ಯೂಟರಿಗೆ ಅದು ಬೇಡ, ವಿಂಡೋಸ್ 10 ಪ್ರೊ ಒಂದೇ ಸಲಕ್ಕೆ 20 ಕನೆಕ್ಷನ್ ತಾಳುತ್ತದೆ, ಹತ್ತು ದಿನ ಟೈಮ್ ಕೊಡಿ ಎಂದೆ. ಯಜಮಾನರು ನನ್ನ ಮುಖ ನೋಡಿ "ಹತ್ತೇ ದಿನ" ಅಂದರು.

ಲೆಕ್ಕ ನೋಡುವ ಅಕ್ಕನ ಕೈಗೆ ನಲವತ್ತು ಪುಟದ ಒಂದು ನೋಟ್‌ಬುಕ್ ಕೊಟ್ಟೆ. ಡ್ರೈವ್ ಹೋದಾಗಲೆಲ್ಲ ಎಷ್ಟು ಗಂಟೆ, ಯಾವ ಕಂಪ್ಯೂಟರ್, ಆಗ ಫ್ಯಾನ್ ನಿಂತಿತ್ತಾ, ಇಷ್ಟು ಬರೆಯಿರಿ ಅಕ್ಕ ಎಂದೆ. "ಕಂಪ್ಯೂಟರ್ ರಿಪೇರಿಗೆ ಫ್ಯಾನ್ ಯಾಕೆ?" ಎಂದು ಹುಡುಗರು ನಕ್ಕರು. ಎಂಟು ದಿನಕ್ಕೆ ಹದಿನಾಲ್ಕೋ ಹದಿನೈದೋ ಸಾಲಾಯಿತು. ಹತ್ತು ಸಾಲಿನಲ್ಲಿ ಮೂರೂ ಕಂಪ್ಯೂಟರ್ ಒಂದೇ ನಿಮಿಷಕ್ಕೆ ಹೋಗಿದ್ದವು, ಎಲ್ಲದರ ಮುಂದೆಯೂ "ಫ್ಯಾನ್ ನಿಂತಿತ್ತು". ಮೂರೂ ಒಟ್ಟಿಗೆ ಹೋದರೆ ತಪ್ಪು ಆ ಮೂರರಲ್ಲಿಲ್ಲ, ಅಲ್ವಾ? ಫಾರ್ಮ್ಯಾಟ್ ಮಾಡಿದ್ದು ದಂಡ ಎಂದು ಆಗಲೇ ಗೊತ್ತಾಯಿತು.

ಒಂಬತ್ತನೇ ದಿನ ಬೆಳಗ್ಗೆ ಐದೂವರೆಗೇ ಹೋಗಿ ಕೂತೆ. ಎಲ್ಲ ಕಂಪ್ಯೂಟರಿನ ನೆಟ್‌ವರ್ಕ್ ವೈರ್ ಬಂದು ಸೇರುವ ಸ್ವಿಚ್ ಇದ್ದದ್ದು ದೇವರ ಪಟದ ಹಿಂದಿನ ಶೆಲ್ಫಿನಲ್ಲಿ, ಮೇಲೆ ಕುಂಕುಮ, ಊದಿನಕಡ್ಡಿ ಬೂದಿ. ಏಳು ಗಂಟೆ ಸುಮಾರಿಗೆ ಫ್ಯಾನ್ ಒಮ್ಮೆ ಸೊರಗಿ ಮತ್ತೆ ತಿರುಗಿತು. ಕಂಪ್ಯೂಟರುಗಳೆಲ್ಲ ಯುಪಿಎಸ್ ಮೇಲಿದ್ದವು, ಸ್ಕ್ರೀನ್ ಕಣ್ಣು ಕೂಡ ಮಿಟುಕಿಸಲಿಲ್ಲ. ಆದರೆ ಸ್ವಿಚ್ಚಿನ ಹಸಿರು ದೀಪಗಳು ಒಟ್ಟಿಗೆ ಆರಿ, ಒಂದೊಂದಾಗಿ ಹತ್ತಿದವು. ಪಕ್ಕದ ರೂಟರ್ ಕೂಡ ಹಾಗೇ. ಎರಡೂ ಗೋಡೆಯ ಪ್ಲಗ್ಗಿನಲ್ಲಿ ನೇರವಾಗಿದ್ದವು, ಯುಪಿಎಸ್ ಕಡೆಗೆ ವೈರ್ ಎಳೆದೇ ಇರಲಿಲ್ಲ. ಕರೆಂಟ್ ಒಂದು ಸೆಕೆಂಡ್ ಹೋದರೂ ನೆಟ್‌ವರ್ಕ್ ಅರ್ಧ ನಿಮಿಷ, ಒಂದು ನಿಮಿಷ ಸತ್ತಿರುತ್ತದೆ. ತೆರೆದಿಟ್ಟ ಲೆಕ್ಕದ ಫೈಲ್ ಅಷ್ಟು ಹೊತ್ತು ಕಾಯುವುದಿಲ್ಲ.

ಕರೆಂಟ್ ವಾಪಸ್ ಬಂದ ಮೇಲೂ ಡ್ರೈವ್ ಕೆಲವು ಸಲ ಗಂಟೆಗಟ್ಟಲೆ ವಾಪಸ್ ಬರುತ್ತಿರಲಿಲ್ಲ. ಅದರ ಗುಟ್ಟು ವೈಫೈಯಲ್ಲಿತ್ತು. ಡ್ರೈವರುಗಳು, ಖರೀದಿದಾರರು, ಹಮಾಲರು ಸೇರಿ ಹದಿನೈದು ಇಪ್ಪತ್ತು ಫೋನಿಗೆ ವೈಫೈ ಪಾಸ್‌ವರ್ಡ್ ಗೊತ್ತು. ಆ ರೂಟರ್ ಆಫ್ ಆಗಿ ಆನ್ ಆದಾಗ ಯಾರಿಗೆ ಯಾವ ಐಪಿ (ನೆಟ್‌ವರ್ಕಿನೊಳಗಿನ ವಿಳಾಸ) ಕೊಟ್ಟಿದ್ದೆ ಎಂಬುದನ್ನು ಮರೆತಿರುತ್ತದೆ. ಯಾವುದೋ ಫೋನ್ ಮೊದಲು ನುಗ್ಗಿ ಮೇನ್ ಕಂಪ್ಯೂಟರಿನ ಐಪಿ ತಗೊಂಡುಬಿಡುತ್ತದೆ. ಮೇನ್‌ಗೆ ಬೇರೆ ಐಪಿ ಸಿಗುತ್ತದೆ, ಝಡ್ ಡ್ರೈವ್ ಹಳೆಯದನ್ನೇ ಹುಡುಕುತ್ತಿರುತ್ತದೆ. ನಾನೇ ಐಪಿ ಹಾಕಿ ಮ್ಯಾಪ್ ಮಾಡಿದ್ದೆನಲ್ಲ!

ಮಾಡಿದ್ದು ಇಷ್ಟು. ಸ್ವಿಚ್, ರೂಟರ್ ಎರಡನ್ನೂ ಯುಪಿಎಸ್‌ಗೆ ಎಳೆದೆ. ಮೇನ್‌ಗೆ ರೂಟರ್ ಹಂಚುವ ಸಾಲಿನಿಂದ ಹೊರಗಿನ ಒಂದು ಐಪಿ ಗಟ್ಟಿಮಾಡಿದೆ. ಫೋನುಗಳನ್ನು ಬೇರೆಯಾಗಿರುವ ಗೆಸ್ಟ್ ವೈಫೈಗೆ ಹಾಕಿದೆ. ಮೇನ್‌ನಲ್ಲಿ ಪಾಸ್‌ವರ್ಡ್ ಇರುವ ಒಂದು ಲೋಕಲ್ ಯೂಸರ್ ಮಾಡಿ, ಉಳಿದವುಗಳಲ್ಲಿ ಪಾಸ್‌ವರ್ಡ್ ಉಳಿಸಿಡುವ ಕ್ರೆಡೆನ್ಶಿಯಲ್ ಮ್ಯಾನೇಜರಿನಲ್ಲಿ ಹಳೆಯದನ್ನೆಲ್ಲ ಅಳಿಸಿ ಅದೊಂದನ್ನೇ ಇಟ್ಟೆ. ಪಿನ್ ಹಾಕಿ ಲಾಗಿನ್ ಆಗುವವರು ಶೇರಿಂಗಿಗೂ ಅದೇ ಪಿನ್ ಕೊಟ್ಟು ಒದ್ದಾಡುತ್ತಾರೆ, ಅದು ನಡೆಯಲ್ಲ. ಬೆಳಗ್ಗೆ ಮೇನ್ ಆನ್ ಆಗುವ ಮೊದಲೇ ಉಳಿದವು ಆನ್ ಆದರೆ ಬರುವ ಇಂಟುಗೆ ಒಂದು ಸಣ್ಣ ಬ್ಯಾಚ್ ಫೈಲ್ ಬರೆದಿದ್ದೇನೆ. ಮೇನ್ ಎದ್ದಿದೆಯಾ ಎಂದು ಕೇಳುತ್ತಾ ಕಾಯುತ್ತದೆ, ಎದ್ದ ಮೇಲೆ ಕಟ್ಟುತ್ತದೆ. ಅದರೊಳಗೆ ಏನಿದೆ ಎಂದು ಮಾತ್ರ ಕೇಳಬೇಡಿ, ಅದು ನನ್ನ ಹೊಟ್ಟೆಪಾಡು.

ಒಂದು ಕಂಪ್ಯೂಟರ್ ಮಾತ್ರ ಬೇರೆ ಆಟ ಆಡಿತು. ಎಕ್ಸ್‌ಪ್ಲೋರರಿನಲ್ಲಿ ಝಡ್ ಕಾಣುತ್ತದೆ, ಬಿಲ್ಲಿಂಗ್ ಸಾಫ್ಟ್‌ವೇರ್ ಒಳಗೆ ಕಾಣಲ್ಲ. ಅರ್ಧ ದಿನ ತಿಂದಿತು. ಯಾರೋ ಶಾರ್ಟ್‌ಕಟ್‌ಗೆ "ರನ್ ಆಸ್ ಅಡ್ಮಿನಿಸ್ಟ್ರೇಟರ್" ಟಿಕ್ ಹಾಕಿದ್ದರು. ಮಾಮೂಲಿಯಾಗಿ ಮ್ಯಾಪ್ ಮಾಡಿದ ಡ್ರೈವ್ ಅಡ್ಮಿನ್ ಆಗಿ ಓಡುವ ಪ್ರೋಗ್ರಾಮಿಗೆ ಕಾಣುವುದಿಲ್ಲ. ರಿಜಿಸ್ಟ್ರಿಯಲ್ಲಿ (ವಿಂಡೋಸಿನ ಒಳ ಸೆಟ್ಟಿಂಗುಗಳಲ್ಲಿ) ಇದಕ್ಕೆ ದಾರಿ ಇದೆ, ನಾನು ಟಿಕ್ ತೆಗೆದೆ, ಅಷ್ಟೇ.

ನಡುವೆ ಎರಡು ಪ್ರಯೋಗವನ್ನೂ ಮಾಡಿ ನೋಡಿದೆ. ರೂಟರಿನ ಯುಎಸ್‌ಬಿಗೆ ಹಾರ್ಡ್ ಡಿಸ್ಕ್ ಚುಚ್ಚಿ ಶೇರ್ ಮಾಡಿದರೆ ಹೇಗೆ? ವಿಂಡೋಸ್ ಫೈಲ್ ಹಂಚುವ ಭಾಷೆ ಎಸ್‌ಎಂಬಿ, ಆ ಹಳೇ ರೂಟರಿಗೆ ಅದರ ಹಳೆಯ ಆವೃತ್ತಿ ಎಸ್‌ಎಂಬಿ ಒನ್ ಬಿಟ್ಟರೆ ಬೇರೆ ಬರುವುದಿಲ್ಲ. 2017ರಲ್ಲಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ವೈರಸ್ ನುಗ್ಗಿದ್ದೇ ಆ ಬಾಗಿಲಿನಿಂದ. ಲೆಕ್ಕದ ಫೈಲಿಗೋಸ್ಕರ ಅದನ್ನು ಮತ್ತೆ ತೆರೆಯಲು ಮನಸ್ಸಾಗಲಿಲ್ಲ. ಇನ್ನೊಂದು, ಫೋಲ್ಡರನ್ನು ಕ್ಲೌಡ್ ಸಿಂಕ್‌ಗೆ ಹಾಕಿದ್ದು. ಇಬ್ಬರು ಒಟ್ಟಿಗೆ ಕೂತ ಮೊದಲ ಬೆಳಗ್ಗೆಯೇ ಒಂದೇ ಫೈಲಿನ ಎರಡು ಕಾಪಿ ಆಯಿತು. ಸಂಜೆಯೊಳಗೆ ತೆಗೆದೆ.

ಖರ್ಚು ಕೇಳುತ್ತೀರಿ. ಸ್ವಿಚ್ ಹಳೆಯದಾಗಿತ್ತು, ಎಂಟು ಪೋರ್ಟಿನ ಹೊಸ ಗಿಗಾಬಿಟ್ ಸ್ವಿಚ್‌ಗೆ ಸಾವಿರದ ಆರುನೂರು. ಒಂದು ಕಡೆ ಇಲಿ ಕಡಿದಿದ್ದ ಕೇಬಲ್ ಬದಲಿಸಲು ಎಂಟುನೂರು, ಪೂರ್ತಿ ತಾಮ್ರದ್ದೇ ಹಾಕಿದೆ. ಎಕ್ಸ್‌ಟೆನ್ಶನ್ ಬೋರ್ಡ್, ಕ್ಲಿಪ್ಪು ಎಲ್ಲ ನಾನೂರು. ನನ್ನ ಕೂಲಿ ನಾಲ್ಕು ಸಾವಿರ. ಏಳು ಸಾವಿರದೊಳಗೆ ಮುಗಿಯಿತು. ಎಪ್ಪತ್ತರ ಜಾಗದಲ್ಲಿ ಏಳು! ಯಜಮಾನರು ಕೂಲಿಯ ಜೊತೆ ಒಂದು ಬಾಕ್ಸ್ ಟೊಮೆಟೊ ಮನೆಗೆ ಕಳಿಸಿದರು.

ಈ ವರ್ಷ ಯಜಮಾನರು ಹೊಸ ಲ್ಯಾಪ್‌ಟಾಪ್ ತಂದರು, ವಿಂಡೋಸ್ 11 ಪ್ರೊ, 24ಎಚ್2 ಎಂಬ ಆವೃತ್ತಿ. ಬೇರೆ ಕಡೆಗಳಲ್ಲಿ ಪಾಸ್‌ವರ್ಡ್ ಇಲ್ಲದೆ ಗೆಸ್ಟ್ ಆಗಿ ಶೇರ್ ಮಾಡಿಟ್ಟವರಿಗೆಲ್ಲ ಇದು ಬಾಗಿಲು ಹಾಕಿದೆ, ಎಸ್‌ಎಂಬಿ ಸೈನಿಂಗ್ (ಕಳಿಸುವ ಪ್ರತಿಯೊಂದಕ್ಕೂ ಡಿಜಿಟಲ್ ಸಹಿ) ಕೂಡ ಕೇಳುತ್ತದೆ. ಇಲ್ಲಿ ಯೂಸರ್, ಪಾಸ್‌ವರ್ಡ್ ಮೊದಲೇ ಇತ್ತು. ಐದು ನಿಮಿಷಕ್ಕೆ ಝಡ್ ಡ್ರೈವ್ ಬಂತು, ಅಕ್ಕ ತರಿಸಿದ ಟೀ ಇನ್ನೂ ಬಿಸಿಯಿತ್ತು.

ಮುಂದಿನ ವಾರ ಚಿಂತಾಮಣಿಯ ಒಂದು ಮಂಡಿಗೆ ಹೋಗಬೇಕು. ಹೋಗುವ ಮೊದಲೇ ಅವರಿಗೊಂದು ನೋಟ್‌ಬುಕ್ ಇಡಲು ಹೇಳಿದ್ದೆ. ಈಗಾಗಲೇ ಆರು ಸಾಲು ಆಗಿದೆಯಂತೆ. ಅದರಲ್ಲಿ ನಾಲ್ಕಕ್ಕೆ ಫ್ಯಾನ್ ನಿಂತಿತ್ತಂತೆ.