ಮುಕ್ಕಾಲು ಲೀಟರ್ ನೀರು

ನಮ್ಮನೆಯವರಿಗೆ ದಿನಕ್ಕೆ ಮುಕ್ಕಾಲು ಲೀಟರ್ ನೀರು. ಕಾಫಿ, ಮಜ್ಜಿಗೆ, ಸಾರು, ಮಾತ್ರೆ ನುಂಗುವ ಗುಟುಕು ಎಲ್ಲಾ ಸೇರಿ ಅಷ್ಟೇ. 2018ರ ಆಗಸ್ಟ್‌ನಲ್ಲಿ ಕಿಡ್ನಿ ಕೆಟ್ಟು ಡಯಾಲಿಸಿಸ್ ಶುರುವಾದಾಗ ಡಾಕ್ಟರು ಹಾಕಿಕೊಟ್ಟ ಲೆಕ್ಕ ಅದು. ಮೂತ್ರ ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಕುಡಿದ ನೀರಿಗೆ ಹೊರಗೆ ಹೋಗಲು ದಾರಿ ಇಲ್ಲ. ಮೊದಲು ಕಾಲು ಊದುತ್ತದೆ, ಆಮೇಲೆ ಶ್ವಾಸಕೋಶದಲ್ಲಿ ನಿಂತು ಮಲಗಿದರೆ ಉಸಿರು ಕಟ್ಟುತ್ತದೆ. ವಾರಕ್ಕೆ ಮೂರು ಸಲ, ಒಂದೊಂದು ಸಲಕ್ಕೆ ನಾಲ್ಕು ಗಂಟೆ, ಮಷೀನು ಆ ನೀರನ್ನು ಎಳೆದು ಹಾಕುತ್ತಿತ್ತು.

ನಾನು ಬೆಂಗಳೂರಿನ ಹನುಮಂತನಗರದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುವವಳು, ಅಳತೆ ನನಗೆ ಹೊಸದಲ್ಲ. ಬೆಳಿಗ್ಗೆ ಎದ್ದ ತಕ್ಷಣ ಒಂದು ಬಾಟಲಿಗೆ ಮುಕ್ಕಾಲು ಲೀಟರ್ ತುಂಬಿ ಇಡುತ್ತಿದ್ದೆ. ಅವರು ಅರ್ಧ ಲೋಟ ಕಾಫಿ ಕುಡಿದರೆ ಬಾಟಲಿಯಿಂದ ಅಷ್ಟೇ ನೀರು ತೆಗೆದು ತುಳಸಿಗೆ ಹಾಕುವುದು. ಅನ್ನಕ್ಕೆ ಸಾರು ಬಡಿಸಿದರೆ ಇನ್ನಷ್ಟು ತುಳಸಿಗೆ. ಬಾಟಲಿಯಲ್ಲಿ ಉಳಿದದ್ದೇ ರಾತ್ರಿಯವರೆಗೆ. ಬಾಯಿ ಒಣಗಿದಾಗ ಒಂದು ಚೂರು ಐಸು ಚೀಪಲು ಕೊಡುತ್ತಿದ್ದೆ, ಅದಕ್ಕೂ ಲೆಕ್ಕ ಇತ್ತು. ಈಗ ಯಾರ ಮನೆಯಲ್ಲಾದರೂ ಡಯಾಲಿಸಿಸ್ ಶುರುವಾಗಿದೆ ಎಂದು ಕೇಳಿದರೆ ಮೊದಲು ಈ ಬಾಟಲಿಯ ವಿಷಯವನ್ನೇ ಹೇಳುತ್ತೇನೆ. "ಸಾಕು, ಕುಡೀಬೇಡಿ" ಎಂದು ದಿನಕ್ಕೆ ಹತ್ತು ಸಲ ಗಂಡನಿಗೆ ಹೇಳುವ ಕರ್ಮ ಹೆಂಡತಿಗೆ ಬರಬಾರದು. ಬಾಟಲಿ ಹೇಳಲಿ.

ಅಡುಗೆ ಇನ್ನೂ ಕಷ್ಟವಾಯಿತು. ತರಕಾರಿಯಲ್ಲಿರುವ ಪೊಟ್ಯಾಸಿಯಂ ಮೈಯಿಂದ ಹೊರಗೆ ಹೋಗದಿದ್ದರೆ ಹೃದಯದ ಬಡಿತವೇ ತಪ್ಪುತ್ತದೆ. ಅದಕ್ಕೆ ತರಕಾರಿ ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಿ ಆಮೇಲೆ ಒಗ್ಗರಣೆ ಹಾಕಬೇಕು. ನಮ್ಮದು ಬಸ್ಸಾರಿನ ಮನೆ. ಸೊಪ್ಪು, ಕಾಳು ಬೇಯಿಸಿ ಬಸಿದ ನೀರೇ ನಮಗೆ ಸಾರು, ಆ ನೀರಿಗೋಸ್ಕರವೇ ಸೊಪ್ಪು ತರುವವರು ನಾವು. ಅದನ್ನು ಸಿಂಕಿಗೆ ಸುರಿದಾಗ ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಒಂದು ದಿನವೂ ಒಂದು ಮಾತು ಆಡಲಿಲ್ಲ. ಮಗನಿಗಿಲ್ಲದ್ದು ತನಗೂ ಬೇಡ ಎಂದು ಮೂರೂವರೆ ವರ್ಷ ಅವರೂ ಬಸ್ಸಾರು ಉಣ್ಣಲಿಲ್ಲ.

ಇಷ್ಟು ಎಚ್ಚರ ಇದ್ದೂ ನಾನೊಂದು ತಪ್ಪು ಮಾಡಿದೆ. ನಂಟರೊಬ್ಬರು ಬಿ.ಪಿ. ಇರುವವರಿಗೆ ಒಳ್ಳೆಯದೆಂದು ಸೋಡಿಯಂ ಕಡಿಮೆ ಇರುವ ಉಪ್ಪಿನ ಪೊಟ್ಟಣ ತಂದುಕೊಟ್ಟರು. ಪ್ರೀತಿಯಿಂದಲೇ ತಂದದ್ದು. ನಾಲ್ಕು ದಿನ ಅದನ್ನೇ ಹಾಕಿದೆ. ಐದನೇ ದಿನ ಅವರಿಗೆ ಕೈಕಾಲು ಸೋತು ಎದ್ದು ನಿಲ್ಲಲಾಗಲಿಲ್ಲ. ನಾಡಿ ತೀರಾ ನಿಧಾನ. ರಾತ್ರೋರಾತ್ರಿ ಡಯಾಲಿಸಿಸ್ ಮಾಡಿಸಿ ಉಳಿಸಿಕೊಂಡೆವು. ಅಂಥ ಉಪ್ಪಿನಲ್ಲಿ ಸೋಡಿಯಂ ಬದಲು ಹಾಕುವುದು ಪೊಟ್ಯಾಸಿಯಂ ಕ್ಲೋರೈಡನ್ನೇ ಎಂದು ಆವತ್ತು ಡಾಕ್ಟರು ತಿಳಿಸಿದರು. ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದೂ ಇತ್ತು. ಕಿಡ್ನಿ ತೊಂದರೆ ಇರುವವರ ಮನೆಗೆ ಆ ಉಪ್ಪು ಬರಲೇಬಾರದು. ಇದೊಂದನ್ನು ಹೇಳಲಿಕ್ಕಾದರೂ ಈ ಬರಹ ಬರೆಯಬೇಕಿತ್ತು ನಾನು.

ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಐದಕ್ಕೆ ಏಳುವುದು, ಹೋಗುವಾಗ ಬಸ್ಸು, ಬರುವಾಗ ಅವರಿಗೆ ಸುಸ್ತು ಎಂದು ಆಟೋ. ಮೊದಲ ತಿಂಗಳು ಆ ನಾಲ್ಕು ಗಂಟೆ ಹೊರಗಿನ ಬೆಂಚಿನ ಮೇಲೆ ಸುಮ್ಮನೆ ಕೂತು ಬಾಗಿಲು ನೋಡುತ್ತಿದ್ದೆ. ಹಾಗೆ ಕೂತರೆ ತಲೆ ಕೆಡುತ್ತದೆ. ಎರಡನೇ ತಿಂಗಳಿಂದ ಚೀಲದಲ್ಲಿ ಬ್ಲೌಸುಗಳನ್ನು ಒಯ್ದೆ. ಕೈ ಹೊಲಿಗೆಯೆಲ್ಲ ಅಲ್ಲೇ. ಹುಕ್ಕು ಹಾಕುವುದು, ಹೆಮ್ಮಿಂಗು, ಕುಚ್ಚು ಕಟ್ಟುವುದು. ನಾಲ್ಕು ಗಂಟೆಗೆ ನಾಲ್ಕು ಬ್ಲೌಸು. ದಾರ ಪೋಣಿಸುವಾಗ ಕಣ್ಣು ಸೂಜಿಯ ಮೇಲಿರಲೇಬೇಕು, ಅಷ್ಟು ಹೊತ್ತು ಮನಸ್ಸು ಎಲ್ಲೂ ಓಡುವುದಿಲ್ಲ. ಪಕ್ಕ ಕೂತ ಹೆಂಗಸರೂ ಒಬ್ಬೊಬ್ಬರೇ ಕೆಲಸ ತಂದರು. ಒಬ್ಬರು ಹೂ ಕಟ್ಟುತ್ತಿದ್ದರು, ಇನ್ನೊಬ್ಬರು ಅವರೆಕಾಳು ಹಿಸುಕುತ್ತಿದ್ದರು. ನಮ್ಮ ಧೈರ್ಯ ಇದ್ದದ್ದು ಆ ಬೆಂಚಿನ ಮೇಲೆ. ಜಗತ್ತಿನ ಯಾವ ಸಮಾಧಾನದ ಮಾತೂ ನನಗೆ ಅಷ್ಟು ಆಸರೆ ಕೊಡಲಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಬಸ್ಸು ನಿಂತಾಗ ನಮ್ಮ ಬೀದಿಯ ಆಟೋದವರೊಬ್ಬರು ಒಂದು ದಿನವೂ ತಪ್ಪಿಸದೆ ಕರೆದೊಯ್ದರು. ಪೊಲೀಸರಿಗೆ ಫೈಲು ತೋರಿಸಿ ತೋರಿಸಿ ಅದರ ಅಂಚು ಹರಿದುಹೋಗಿತ್ತು.

ಬಾಯಾರಿಕೆಯ ಬಗ್ಗೆ ಅವರು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕಾವೇರಿ ನೀರು ಬಿಡುವ ರಾತ್ರಿ ಮಾತ್ರ ಗೊತ್ತಾಗುತ್ತಿತ್ತು. ನೆಲದಡಿಯ ಸಂಪಿನೊಳಗೆ ನೀರು ಬೀಳುವ ಸದ್ದು ಕೇಳುತ್ತಾ ಕಣ್ಣು ಬಿಟ್ಟುಕೊಂಡು ಮಲಗಿರುತ್ತಿದ್ದರು. "ನೂರು ಕಿಲೋಮೀಟರಿಂದ ಏರಿಸ್ಕೊಂಡು ತರ್ತಾರೆ ಕಣೇ ಈ ನೀರ್ನ, ತೊರೆಕಾಡನಹಳ್ಳಿಯಿಂದ" ಎಂದರು ಒಂದು ಸಲ. ಅಷ್ಟೇ ಅಂದದ್ದು. ಅಂದಿನಿಂದ ನಾವು ಮೂವರೂ ಅವರ ಎದುರು ನೀರು ಕುಡಿಯುವುದನ್ನು ಬಿಟ್ಟೆವು. ನಾನು, ಮಗಳು, ಅತ್ತೆ, ಯಾರೇ ಆಗಲಿ ಅಡುಗೆಮನೆಗೆ ಹೋಗಿ, ಗೋಡೆ ಕಡೆ ತಿರುಗಿ, ಗಂಟಲ ಸದ್ದಾಗದ ಹಾಗೆ ಕುಡಿದು ಬರುವುದು. ನಾನಂತೂ ಕುಡಿಯುವುದೇ ಕಮ್ಮಿ ಮಾಡಿ ಮೂತ್ರದ ಸೋಂಕು ತಂದುಕೊಂಡು ಡಾಕ್ಟರ ಹತ್ತಿರ ಬೈಸಿಕೊಂಡೆ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡರು. ಅವರ ತಂದೆಯ ಹಾಗೆ ಅವರ ಕಣ್ಣುಗಳನ್ನೂ ದಾನ ಮಾಡಿದರು, ನಾಲ್ಕು ಜನಕ್ಕೆ ದೃಷ್ಟಿ ಬಂತು ಎಂದು ಟಿ.ವಿ.ಯಲ್ಲಿ ಹೇಳಿದಾಗ ನಮ್ಮನೆಯವರು ಎದ್ದು ಕೂತರು. "ಕಿಡ್ನಿ ಹೋದ್ರೆ ಹೋಯ್ತು, ಕಣ್ಣು ಚೆನ್ನಾಗೇ ಇದೆಯಲ್ಲ ನಂದು. ಕೊಟ್ಬಿಡಿ" ಎಂದರು. ಕಿಡ್ನಿಗಾಗಿ ಜೀವಸಾರ್ಥಕತೆಯ, ಅಂದರೆ ಅಂಗಾಂಗ ದಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯ, ಪಟ್ಟಿಯಲ್ಲಿ ಹೆಸರು ಬರೆಸಿ ಕಾಯುತ್ತಿದ್ದವರು ಅವರು. ಪಡೆಯಲು ಕಾಯುತ್ತಿದ್ದವರು ಕೊಡುವ ಮಾತಾಡಿದ್ದು ನನಗೆ ಆಗ ಅರ್ಥವಾಗಲಿಲ್ಲ. ಸಾವಿನ ಮಾತು ಆಡಬೇಡಿ ಎಂದು ರೇಗಿದೆ.

ಅವರ ಎಡಗೈ ಮಣಿಕಟ್ಟಿನ ಹತ್ತಿರ ಫಿಸ್ಟುಲಾ ಇತ್ತು, ಡಯಾಲಿಸಿಸ್‌ಗೆಂದು ಎರಡು ರಕ್ತನಾಳ ಸೇರಿಸಿ ಮಾಡುತ್ತಾರಲ್ಲ, ಅದು. ಅದರ ಮೇಲೆ ಬೆರಳಿಟ್ಟರೆ ಒಳಗೆ ಝುಂ ಎನ್ನುತ್ತದೆ. ಆ ಝುಂ ಇದೆಯೇ ಎಂದು ದಿನಾ ನೋಡಬೇಕು ಎಂದಿದ್ದರು. ಮಲಗುವ ಮುಂಚೆ, ಮತ್ತೆ ಬೆಳಿಗ್ಗೆ ಎದ್ದಾಗ, ನಾನು ಬೆರಳಿಡುತ್ತಿದ್ದೆ. 2022ರ ಫೆಬ್ರವರಿಯ ಒಂದು ಬೆಳಗಿನ ಜಾವ ಐದಕ್ಕೆ ಎದ್ದು ಬೆರಳಿಟ್ಟೆ. ಕೈ ಇನ್ನೂ ಬೆಚ್ಚಗಿತ್ತು. ಝುಂ ಇರಲಿಲ್ಲ.

ಬಂದ ಡಾಕ್ಟರನ್ನು ಕಳಿಸಿಕೊಟ್ಟವಳೇ ಮಗಳು ನೇತ್ರ ಬ್ಯಾಂಕಿಗೆ ಫೋನ್ ಮಾಡಿದಳು. ಜೀವ ಹೋದ ಆರು ಗಂಟೆಗಳೊಳಗೆ ಕಣ್ಣು ತೆಗೆದಾಗಬೇಕು. ಫ್ಯಾನು ಆರಿಸಿ, ತಲೆ ಕೆಳಗೆ ದಿಂಬು ಇಟ್ಟು, ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಿ ಎಂದರು. ನಾನೇ ಇಟ್ಟೆ. ಬಂದವರು ಅರ್ಧ ಗಂಟೆಯಲ್ಲಿ ಮುಗಿಸಿದರು. ತೆಗೆಯುವುದು ಕಾರ್ನಿಯಾ ಎಂಬ ತೆಳು ಪದರ ಮಾತ್ರ, ಮುಖ ಇದ್ದ ಹಾಗೇ ಇತ್ತು. ನಂಟರಲ್ಲಿ ಕೆಲವರು ಗೊಣಗಿದರು. ಅತ್ತೆ ಒಂದೇ ಮಾತಲ್ಲಿ ಅವರ ಬಾಯಿ ಮುಚ್ಚಿಸಿದರು: "ನನ್ ಮಗ ಹೇಳಿದ್ದು."

ಆಮೇಲಿನ ಕಾಗದಪತ್ರ, ಬ್ಯಾಂಕು, ಗ್ಯಾಸು ಎಲ್ಲ ಮಗಳೇ ಓಡಾಡಿ ಮುಗಿಸಿದಳು. ನನ್ನ ಪಾಲಿಗೆ ಉಳಿದದ್ದು ಕೈಯ ಅಭ್ಯಾಸಗಳು. ಐನೂರಕ್ಕೂ ಹೆಚ್ಚು ಸಲ ಹೋಗಿಬಂದ ದಾರಿ, ಸೋಮವಾರ ಐದಕ್ಕೆ ಎಚ್ಚರವಾಗಿಬಿಡುತ್ತಿತ್ತು. ಬಾಟಲಿ ತುಂಬಿ ಕೈಯಲ್ಲಿ ಹಿಡಿದು ನಿಂತಿರುತ್ತಿದ್ದೆ. ಖಾಲಿ ಹಾಲ್‌ನಲ್ಲೂ ನೀರು ಕುಡಿಯಲಾಗದೆ ಒಳಗೆ ಹೋಗಿ ಗೋಡೆ ಕಡೆ ತಿರುಗುತ್ತಿದ್ದೆ. ದುಃಖಕ್ಕೆ ಅಳು ಒಂದು ದಾರಿ, ನನಗೆ ಅಳು ಬರಲಿಲ್ಲ. ಮತ್ತೆ ಚೀಲ ತೆಗೆದುಕೊಂಡು ಅದೇ ಬೆಂಚಿಗೆ ಹೋಗಿ ಕೂತೆ, ಮೂರು ವಾರ. ಆ ಹೆಂಗಸರ ಜೊತೆ ಹುಕ್ಕು ಹಾಕಿದೆ. ಯಾಕೆ ಬಂದೆ ಎಂದು ಯಾರೂ ಕೇಳಲಿಲ್ಲ, ಸರಿದು ಜಾಗ ಕೊಟ್ಟರು.

ಮೇ ತಿಂಗಳಲ್ಲಿ ಒಂದು ದಿನ ದಂಟಿನ ಸೊಪ್ಪು ಬೇಯಿಸಿ ಎಂದಿನಂತೆ ನೀರನ್ನು ಸಿಂಕಿಗೆ ಬಗ್ಗಿಸಿದ್ದೆ. ಅತ್ತೆ ಬಂದು ಪಾತ್ರೆಯ ಇನ್ನೊಂದು ಅಂಚು ಹಿಡಿದುಕೊಂಡರು. "ಚೆಲ್ಬೇಡ ಕಣಮ್ಮ. ಬಸ್ಸಾರು ಮಾಡು" ಎಂದರು. ಖಾರ ರುಬ್ಬಿದೆ. ಸ್ವಲ್ಪ ಸೊಪ್ಪು, ಬೆಂದ ಕಾಳು, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಹುಣಸೆಹಣ್ಣು. ಮುದ್ದೆ ಮುರಿದು ಬಿಸಿ ಸಾರಿಗೆ ಅದ್ದಿ ಬಾಯಿಗಿಟ್ಟಾಗ ಅಳು ಬಂತು. ಇಬ್ಬರೂ ಅಳುತ್ತಲೇ ಪೂರ್ತಿ ಉಂಡೆವು. ಅದು ಅಷ್ಟು ರುಚಿಯಾಗಿತ್ತು.

ಆ ವರ್ಷದ ಮಹಾಲಯ ಅಮಾವಾಸ್ಯೆಗೆ ಅವರಿಗೆ ಎಡೆ ಇಟ್ಟೆ. ಚೊಂಬಿಗೆ ನೀರು ಬಗ್ಗಿಸುವಾಗ ಕೈ ತಾನೇ ಅರ್ಧಕ್ಕೆ ನಿಂತಿತು. "ತುಂಬ್ಸಮ್ಮ" ಎಂದರು ಅತ್ತೆ, "ಈಗ ಅವನಿಗೆ ಯಾರ ಲೆಕ್ಕ?" ಅಂಚಿನವರೆಗೆ ತುಂಬಿಸಿ ಇಟ್ಟೆ. ಪೂಜೆ ಮುಗಿದ ಮೇಲೆ ಆ ನೀರನ್ನು ಅವರ ಕುರ್ಚಿಯಲ್ಲೇ ಕೂತು ಗಟಗಟ ಕುಡಿದೆ.

ಮುಂದಿನ ಏಪ್ರಿಲ್‌ನಲ್ಲಿ ಅತ್ತೆಯೂ ನಿದ್ದೆಯಲ್ಲೇ ಹೋದರು. ಅವರ ಕಣ್ಣುಗಳನ್ನೂ ಕೊಟ್ಟೆವು. ಈಗ ಮನೆಯಲ್ಲಿ ಇಬ್ಬರೇ. ನಿನ್ನೆ ರಾತ್ರಿ ಕಾವೇರಿ ನೀರು ಬಿಟ್ಟಿದ್ದರು. ದೀಪ ಆರಿಸಿ ಹಾಲ್‌ನಲ್ಲಿ ಕೂತು ಸದ್ದು ಕೇಳುತ್ತಿದ್ದೆ, ಕೈಯಲ್ಲಿ ಚೊಂಬು ಇತ್ತು. ಮಗಳು ಒಳಗಿನಿಂದ ಕೂಗಿದಳು, "ಅಮ್ಮಾ, ಸಂಪು ತುಂಬ್ತಾ ನೋಡೇ." ಎದ್ದು ಹೋಗಿ ಮುಚ್ಚಳ ತೆಗೆದು ನೋಡಿದೆ. ಇನ್ನೂ ಒಂದು ಗೇಣು ಬಾಕಿ ಇತ್ತು.