ತಿರಸ್ಕಾರಕ್ಕೂ ಒಂದು ಕಾರಣವಿರುತ್ತದೆ: ಕೆಲಸ ಹುಡುಕಿದ ನಾಲ್ಕು ತಿಂಗಳು

2019ರಲ್ಲಿ ದೇಶದಾದ್ಯಂತ ವಾಹನ ಮಾರಾಟ ಕುಸಿಯಿತು. ಆಗಸ್ಟ್ ಒಂದೇ ತಿಂಗಳಲ್ಲಿ ಪ್ರಯಾಣಿಕ ವಾಹನಗಳ ಮಾರಾಟ ಹಿಂದಿನ ವರ್ಷಕ್ಕಿಂತ ಶೇ. 31ರಷ್ಟು ಇಳಿದಾಗ, ಅದರ ಪೆಟ್ಟು ಪೀಣ್ಯದ ಬಿಡಿಭಾಗ ತಯಾರಕರಿಗೂ ಬಿತ್ತು. ನಾನು ಎಂಟು ವರ್ಷ ಗುಣಮಟ್ಟ ತಪಾಸಕನಾಗಿದ್ದ ಘಟಕದಲ್ಲಿ ಮೊದಲು ರಾತ್ರಿ ಪಾಳಿ ನಿಂತಿತು. ಸೆಪ್ಟೆಂಬರ್ ಕೊನೆಗೆ ನನ್ನನ್ನೂ ಸೇರಿಸಿ ಹದಿನಾಲ್ಕು ಮಂದಿಯನ್ನು ಕೆಲಸದಿಂದ ಬಿಡಿಸಿದರು.

ಅಂದು ರಾತ್ರಿಯೇ ಹೆಂಡತಿಯೊಂದಿಗೆ ಕುಳಿತು ಲೆಕ್ಕ ಹಾಕಿದೆ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 15,600 ರೂಪಾಯಿ. ಅದನ್ನು 26ರಿಂದ ಭಾಗಿಸಿ, 15 ದಿನಕ್ಕೆ ಗುಣಿಸಿ, ಎಂಟು ವರ್ಷಕ್ಕೆ ಲೆಕ್ಕ ಮಾಡಿದರೆ ಗ್ರಾಚ್ಯುಟಿ 72,000 ಬರಬೇಕಿತ್ತು. ಮನೆ ಬಾಡಿಗೆಯೂ ಸೇರಿ ತಿಂಗಳ ಖರ್ಚು 18,000. ಒಂದು ತಿಂಗಳು ಕೆಲಸವಿಲ್ಲದಿದ್ದರೆ ಭವಿಷ್ಯನಿಧಿಯ ಮುಕ್ಕಾಲು ಪಾಲು ತೆಗೆಯಲು ಆಗಿನ ನಿಯಮದಲ್ಲಿ ಅವಕಾಶವಿತ್ತು, ಆದರೆ ಅದನ್ನು ಮುಟ್ಟುವುದು ಬೇಡವೆಂದು ಇಬ್ಬರೂ ತೀರ್ಮಾನಿಸಿದೆವು. ನಮ್ಮ ಕೈಯಲ್ಲಿ ನಾಲ್ಕು ತಿಂಗಳಿವೆ ಎಂದು ಖಚಿತವಾದ ಮೇಲೆ ಆ ರಾತ್ರಿ ನಿದ್ದೆ ಬಂತು.

ದೀಪಾವಳಿಯ ಹೊತ್ತಿಗೆ ಬೊಮ್ಮಸಂದ್ರದ ಒಂದು ಕಂಪನಿಯವರು ಸಂದರ್ಶನ ಮಾಡಿ, "ಸೋಮವಾರ ತಿಳಿಸುತ್ತೇವೆ" ಎಂದರು. ಅವರ ಫೋನಿಗಾಗಿ ಹನ್ನೆರಡು ದಿನ ಕಾದೆ, ಬೇರೆಲ್ಲಿಗೂ ಅರ್ಜಿ ಹಾಕಲಿಲ್ಲ. ಇಡೀ ನಾಲ್ಕು ತಿಂಗಳಲ್ಲಿ ನನ್ನನ್ನು ನಿಜವಾಗಿ ಕುಗ್ಗಿಸಿದ್ದು ಆ ಹನ್ನೆರಡು ದಿನಗಳೇ. ಅನಂತರ, ಸಂದರ್ಶನ ಮುಗಿದ ದಿನ ಸಂಜೆಯೊಳಗೆ ಮತ್ತೊಂದು ಕಡೆಗೆ ಅರ್ಜಿ ಹೋಗಲೇಬೇಕೆಂದು ನಿಶ್ಚಯಿಸಿ, ಕೊನೆಯವರೆಗೂ ಅದನ್ನು ಪಾಲಿಸಿದೆ.

ತಪಾಸಣೆ ವಿಭಾಗದಲ್ಲಿ ಕಾರಣ ಬರೆಯದೆ ಯಾವ ಭಾಗವನ್ನೂ ತಿರಸ್ಕರಿಸುವಂತಿಲ್ಲ. ಶಾಫ್ಟ್‌ನ ಹೊರವ್ಯಾಸ ಅಳತೆಗಿಂತ ಕೆಲವು ಮೈಕ್ರಾನ್ ಹೆಚ್ಚಿದ್ದರೆ ಮತ್ತೆ ಗ್ರೈಂಡಿಂಗ್ ಮಾಡಿ ಸರಿಪಡಿಸಬಹುದು. ಕಡಿಮೆಯಾದರೆ ಅದು ಸ್ಕ್ರ್ಯಾಪ್. ಅದೇ ಕ್ರಮದಲ್ಲಿ ಒಂದು ನೋಟ್‌ಬುಕ್ ಇಟ್ಟು, ಕೆಲಸ ಕೊಡದ ಪ್ರತಿಯೊಂದು ಕಡೆಗೂ ಫೋನ್ ಮಾಡಿ, ಬೇಸರಿಸಿಕೊಳ್ಳದೆ ಕಾರಣ ಕೇಳತೊಡಗಿದೆ. ಕೆಲವರು ಫೋನ್ ಎತ್ತಲಿಲ್ಲ. ಉತ್ತರಿಸಿದ ಹನ್ನೊಂದು ಮಂದಿಯಲ್ಲಿ ಒಬ್ಬರು ನನ್ನ ವಯಸ್ಸು ನಲವತ್ತು ದಾಟಿದ್ದನ್ನು ಹೇಳಿದರು. ಅದಕ್ಕೆ ನಾನು ಮಾಡಬಹುದಾದದ್ದು ಏನೂ ಇರಲಿಲ್ಲವಾದ್ದರಿಂದ ಬರೆದು ಪುಟ ತಿರುಗಿಸಿದೆ. ಆದರೆ ಆರು ಮಂದಿ ಹೇಳಿದ ಕಾರಣ ಒಂದೇ ಆಗಿತ್ತು: ನನಗೆ ಮೈಕ್ರೋಮೀಟರ್, ಬೋರ್ ಗೇಜ್, ಹೈಟ್ ಗೇಜ್‌ನಂಥ ಕೈ ಅಳತೆ ಸಾಧನಗಳು ಚೆನ್ನಾಗಿ ಬರುತ್ತಿದ್ದರೂ ಸಿಎಂಎಂ, ಅಂದರೆ ಕಂಪ್ಯೂಟರ್ ನೆರವಿನಿಂದ ಭಾಗಗಳನ್ನು ಅಳೆಯುವ ಯಂತ್ರದ ಮೇಲೆ ಕೆಲಸ ಮಾಡಿದ ಅನುಭವವಿರಲಿಲ್ಲ. ಯಾರಿಗೂ ಬೇಡವಾದೆನೇನೋ ಎಂದು ಎದೆಯಲ್ಲಿ ಕುಳಿತಿದ್ದ ಭಾರ, ಆ ಆರು ಸಾಲುಗಳನ್ನು ಒಟ್ಟಿಗೆ ಓದಿದ ದಿನ ಇಳಿಯಿತು.

ಗ್ರಾಚ್ಯುಟಿ ಹಣದಿಂದಲೇ ಶುಲ್ಕ ಕಟ್ಟಿ ಆರು ವಾರ ಆ ಯಂತ್ರ ಕಲಿತೆ. ಅದರ ಅಳತೆ ಕಡ್ಡಿಯಾದ ಪ್ರೋಬ್ ಅನ್ನು ಭಾಗಕ್ಕೆ ಮುಟ್ಟಿಸಿ ಮೂರು ಅಕ್ಷಗಳಲ್ಲಿ ಬಿಂದುಗಳನ್ನು ತೆಗೆಯುವುದು ಸುಲಭವಾಗಿತ್ತು. ಎಲ್ಲ ಅಳತೆಗಳಿಗೂ ಆಧಾರವಾಗುವ ಡೇಟಮ್ ಆರಿಸಿ ಪ್ರೋಗ್ರಾಂ ಬರೆಯುವುದಕ್ಕೆ ಹೆಚ್ಚು ದಿನ ಹಿಡಿಯಿತು. ನನಗಿಂತ ಇಪ್ಪತ್ತು ವರ್ಷ ಚಿಕ್ಕವರ ಪಕ್ಕದಲ್ಲಿ ಕುಳಿತು ಕಲಿಯುವಾಗ, ಡ್ರಾಯಿಂಗ್ ಓದುವುದರಲ್ಲಿ ಅವರು ನನ್ನನ್ನು ಕೇಳುತ್ತಿದ್ದರು, ಕಂಪ್ಯೂಟರಿನಲ್ಲಿ ನಾನು ಅವರನ್ನು ಕೇಳುತ್ತಿದ್ದೆ.

2020ರ ಜನವರಿ ಕೊನೆಯ ವಾರ ದಾಬಸ್‌ಪೇಟೆಯ ಒಂದು ಘಟಕದ ಸಿಎಂಎಂ ಕೊಠಡಿಯಲ್ಲಿ ಕೆಲಸಕ್ಕೆ ಸೇರಿದೆ. ಸಂಬಳ ಹಳೆಯದಕ್ಕಿಂತ 1,500 ರೂಪಾಯಿ ಕಡಿಮೆಯಿತ್ತು. ಭವಿಷ್ಯನಿಧಿಯನ್ನು ಮುಟ್ಟದೆ ಇದ್ದುದರಿಂದ ಹಳೆಯ ಖಾತೆಯನ್ನೇ ಹೊಸ ಕೆಲಸಕ್ಕೆ ವರ್ಗಾಯಿಸಿಕೊಂಡೆ.